ಕ್ಯಾಮೆರಾ ಯಾರ ಕೈಲಿತ್ತು? ಗೋಡೆ ಯಾರದಾಗಿತ್ತು?

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಅದೇ ದಿನ ಫ್ರಾನ್ಸ್ ಸರ್ಕಾರ ಫೋಟೊ ತೆಗೆಯುವ ವಿದ್ಯೆಯನ್ನು ಜಗತ್ತಿಗೆ ಬಿಟ್ಟುಕೊಟ್ಟಿತು ಅನ್ನೋ ನೆನಪಿಗೆ. ಪ್ರತಿ ವರ್ಷ ಆವತ್ತು ಹುಲಿ, ಜಲಪಾತ, ಸೂರ್ಯಾಸ್ತದ ಜೊತೆಗೆ ಇನ್ನೊಂದು ನಮೂನೆಯ ಫೋಟೊಗಳೂ ಹರಿದಾಡುತ್ತವೆ. ಮುಖವೆಲ್ಲ ಸುಕ್ಕಾದ ಅಜ್ಜಿ. ಮ್ಯಾನ್‌ಹೋಲಿನಿಂದ ತಲೆ ಎತ್ತಿದ ಕಾರ್ಮಿಕ. ಹರಕು ಅಂಗಿಯ ಮಗು. ಕೆಳಗೆ ಫೋಟೊ ತೆಗೆದವರ ಹೆಸರು ದೊಡ್ಡದಾಗಿ ಇರುತ್ತೆ. ಫೋಟೊದಲ್ಲಿ ಇರೋರ ಹೆಸರು ಇರಲ್ಲ. ಆ ಮುಖಗಳು ಯಾವ ಕೇರಿಯವು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅದಕ್ಕೇ ಇವತ್ತು ಒಂದು ಫೋಟೊ ಕೇಂದ್ರದ ಚರಿತ್ರೆ ಹೇಳ್ತೀನಿ. ನಮ್ಮ ದೇಶದ್ದಲ್ಲ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ನಗರದ ನ್ಯೂಟೌನ್ ಅನ್ನೋ ಭಾಗದಲ್ಲಿರುವ ‘ಮಾರ್ಕೆಟ್ ಫೋಟೊ ವರ್ಕ್‌ಶಾಪ್’. ಶುರುವಾಗಿದ್ದು 1989ರಲ್ಲಿ. ಅದು ಶಾಲೆಯೂ ಹೌದು, ಪ್ರದರ್ಶನಾಲಯವೂ ಹೌದು. ಅದು ಯಾಕೆ ಬೇಕಾಯ್ತು ಅಂತ ತಿಳಿಯಬೇಕಾದರೆ ಅದಕ್ಕಿಂತ ಮುಂಚೆ ಕಪ್ಪು ಜನರ ಫೋಟೊ ಯಾರು ತೆಗೀತಿದ್ರು, ಯಾವ ಗೋಡೆಗೆ ನೇತುಹಾಕ್ತಿದ್ರು ಅಂತ ನೋಡಬೇಕು.

ಕಿಂಬರ್ಲಿ ಅನ್ನೋದು ಅಲ್ಲಿನ ವಜ್ರದ ಗಣಿಯ ಊರು. ಡಿ ಬೀರ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಐರ್ಲೆಂಡ್ ಮೂಲದ ಡಗ್ಗನ್-ಕ್ರೋನಿನ್ ಅನ್ನೋರು ಗಣಿಗೆ ದುಡಿಯೋಕೆ ಬಂದ ಕಪ್ಪು ಕೂಲಿಗಳ ಫೋಟೊ ತೆಗೆಯಲು ಶುರು ಮಾಡಿದರು. ಆಮೇಲೆ ಹಳ್ಳಿಹಳ್ಳಿ ತಿರುಗಿ ಒಂದೊಂದು ಬುಡಕಟ್ಟಿನ ‘ನಮೂನೆ’ ಸಂಗ್ರಹಿಸಿದರು. 1928ರಿಂದ 1954ರವರೆಗೆ ‘ದಿ ಬಂಟು ಟ್ರೈಬ್ಸ್ ಆಫ್ ಸೌತ್ ಆಫ್ರಿಕಾ’ ಅನ್ನೋ ಸಂಪುಟಗಳು ಬಂದವು. ಕಿಂಬರ್ಲಿಯಲ್ಲಿ ಅವುಗಳಿಗಾಗಿಯೇ ಗ್ಯಾಲರಿ ಕೂಡ ಆಯಿತು. ಜನ ಗಣಿಯಲ್ಲಿ ಪ್ಯಾಂಟು ಶರ್ಟು ತೊಟ್ಟು ಬೆವರು ಸುರಿಸುತ್ತಿದ್ದ ಕಾಲ ಅದು. ಕ್ಯಾಮೆರಾ ಹುಡುಕಿದ್ದು ಮಾತ್ರ ಚರ್ಮ ಹೊದ್ದ ‘ಶುದ್ಧ’ ಬುಡಕಟ್ಟಿನವನನ್ನ.

ಈಗ ನಮ್ಮ ಕಡೆ ತಿರುಗಿ ನೋಡಿ. 1857ರ ದಂಗೆ ಆದಮೇಲೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ 8 ಸಂಪುಟ ತಂದರು, 1868ರಿಂದ 1875ರ ನಡುವೆ. ಅದರಲ್ಲಿ 400ಕ್ಕೂ ಹೆಚ್ಚು ಫೋಟೊ. ಆಳಬೇಕಾದ ಜನ ಹೆಂಗಿದ್ದಾರೆ ಅಂತ ಆಳುವವರಿಗೆ ಗೊತ್ತಾಗಬೇಕಿತ್ತು. 1909ರಲ್ಲಿ ಮದ್ರಾಸಿನ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ 7 ಸಂಪುಟ ತಂದರು. ಅವರು ಜನರ ಮೂಗು, ತಲೆಬುರುಡೆ ಅಳತೆ ಮಾಡ್ತಿದ್ದ ಮನುಷ್ಯ. ನಮ್ಮ ಮೈಸೂರು ಸಂಸ್ಥಾನ ಹಿಂದೆ ಬೀಳಲಿಲ್ಲ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಹೆಸರಲ್ಲಿ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ 4 ಸಂಪುಟ ಬಂತು, 1928ರಿಂದ 1935ರವರೆಗೆ. ಅಲ್ಲಿ ಡಗ್ಗನ್-ಕ್ರೋನಿನ್ ಪುಸ್ತಕ ಶುರುವಾದ ಅದೇ 1928! ಹೊಲೆಯರು ಹಿಂಗೆ, ಮಾದಿಗರು ಹಂಗೆ ಅಂತ ಬೇರೆಯವರು ಬರೆದ ವಿವರ. ಇಂಥ ಪುಸ್ತಕಗಳ ಫೋಟೊ ಕೆಳಗೆ ಜಾತಿ ಹೆಸರು ಸಿಗುತ್ತೆ, ನಿಂತಿರೋ ಮನುಷ್ಯನ ಹೆಸರು ಸಿಗೋದು ಅಪರೂಪ. ಒಬ್ಬ ಅಪ್ಪ, ಒಬ್ಬ ಅಣ್ಣ, ಒಬ್ಬ ತಮಟೆಗಾರ ಅಲ್ಲಿ ನಿಂತಿಲ್ಲ, ಒಂದು ‘ಜಾತಿ’ ನಿಂತಿದೆ.

ಇದಕ್ಕೆ ಉತ್ತರ ಕೊಟ್ಟವರಿಲ್ಲ ಅಂತಲ್ಲ. ಅಮೆರಿಕದ ಕಪ್ಪು ವಿದ್ವಾಂಸ ಡುಬೋಯಿಸ್ 1900ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ತಮ್ಮ ಜನರ ನೂರಾರು ಫೋಟೊ ಇಟ್ಟರು. ಕೋಟು ತೊಟ್ಟವರು, ಓದಿದವರು, ಅಂಗಡಿ ಇಟ್ಟವರು, ಮನೆ ಮಕ್ಕಳು. ಕಪ್ಪು ಮನುಷ್ಯ ಅಂದ್ರೆ ಗುಲಾಮನ ಚಿತ್ರವೇ ಅಂದುಕೊಂಡಿದ್ದ ಯುರೋಪಿಗೆ ಅದು ಕಪಾಳಮೋಕ್ಷ. ಇದೇ ಡುಬೋಯಿಸ್ ಅವರಿಗೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದಿದ್ದರು, ನೀಗ್ರೋಗಳು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿ. ನಮ್ಮ ಬಾಬಾಸಾಹೇಬರ ಸೂಟು, ಕೈಲಿರೋ ಪುಸ್ತಕ, ನೆಟ್ಟ ನೋಟ ಇವೆಲ್ಲ ಯಾವ ಪುಸ್ತಕಗಳಿಗೆ ಉತ್ತರ ಅಂತ ಈಗ ಅರ್ಥ ಆಗುತ್ತೆ ತಾನೆ?

ದಕ್ಷಿಣ ಆಫ್ರಿಕಾಕ್ಕೆ ವಾಪಸ್ ಬರೋಣ. 1948ರಲ್ಲಿ ವರ್ಣಭೇದ ಸರ್ಕಾರ ಬಂತು. 1952ರ ಕಾನೂನಿನಿಂದ 16 ವರ್ಷ ದಾಟಿದ ಪ್ರತಿ ಕಪ್ಪು ಮನುಷ್ಯ ಪಾಸ್ ಪುಸ್ತಕ ಇಟ್ಟುಕೊಳ್ಳಬೇಕಾಯಿತು. ಅದರಲ್ಲಿ ಅವನದೊಂದು ಫೋಟೊ. ಪೊಲೀಸ್ ಕೇಳಿದಾಗ ತೋರಿಸದಿದ್ದರೆ ಜೈಲು. ಲಕ್ಷಾಂತರ ಜನರ ಫೋಟೊ ತೆಗೆದಿದ್ದು ಸರ್ಕಾರ, ಅವರನ್ನ ಹಿಡಿಯೋಕೆ. ಗುಮಾಸ್ತನಾಗಿ ನಾನು ದಿನಾ ಅರ್ಜಿಗೆ ಪಿನ್ ಹೊಡೆದ ಪಾಸ್‌ಪೋರ್ಟ್ ಸೈಜ್ ಫೋಟೊ ನೋಡ್ತೀನಿ. ಬಡವರ ಎಷ್ಟೋ ಮನೆಗಳಲ್ಲಿ ಅಮ್ಮನದು ಅಂತ ಇರೋದೇ ಅದೊಂದು ಫೋಟೊ. ಸತ್ತ ಮೇಲೆ ಹಾರ ಹಾಕೋಕೆ ವೋಟರ್ ಐಡಿ ಫೋಟೊನೇ ಸ್ಟುಡಿಯೊಗೆ ಕೊಟ್ಟು ದೊಡ್ಡದು ಮಾಡಿಸ್ತಾರೆ. ಸರ್ಕಾರ ಗುರುತಿಗಾಗಿ ತೆಗೆದ ಮುಖವೇ ಮನೆಯವರಿಗೆ ನೆನಪಿನ ಮುಖ.

ಆ ಪಾಸ್ ಕಾನೂನಿನ ವಿರುದ್ಧ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ 69 ಜನ ಸತ್ತರು.

ಈ ಕಾಲದಲ್ಲೇ ಕ್ಯಾಮೆರಾ ಕಪ್ಪು ಕೈಗೆ ಬಂತು. 1951ರಲ್ಲಿ ಶುರುವಾದ ‘ಡ್ರಮ್’ ಪತ್ರಿಕೆ ಅದಕ್ಕೆ ಒಂದು ಬಾಗಿಲು. ಪೀಟರ್ ಮಗುಬಾನೆ ಅಲ್ಲಿಗೆ ಸೇರಿದ್ದು ಡ್ರೈವರ್ ಆಗಿ. ನೋಡಿ ನೋಡಿ ಕಲಿತು ಛಾಯಾಗ್ರಾಹಕರಾದರು. ಪೊಲೀಸರ ಕಣ್ಣು ತಪ್ಪಿಸಲು ಬ್ರೆಡ್ಡಿನ ಒಳಗೆ ಟೊಳ್ಳು ಮಾಡಿ ಕ್ಯಾಮೆರಾ ಬಚ್ಚಿಡ್ತಿದ್ರು. ಅದಕ್ಕೆ ಸಿಕ್ಕ ಬಹುಮಾನ 586 ದಿನ ಒಂಟಿ ಸೆರೆ, ಅದಾದ ಮೇಲೆ ಐದು ವರ್ಷ ಫೋಟೊ ತೆಗೆಯದಂತೆ ನಿಷೇಧ. ಆದರೂ ಬಿಡಲಿಲ್ಲ.

ಎರ್ನೆಸ್ಟ್ ಕೋಲ್ ಕತೆ ಇನ್ನೂ ಕರುಳು ಹಿಂಡುತ್ತೆ. 1940ರಲ್ಲಿ ಹುಟ್ಟಿದವರು. ಕಪ್ಪು ಮನುಷ್ಯನಿಗೆ ಓಡಾಡೋಕೆ ಇದ್ದ ಕಟ್ಟುಪಾಡು ತಪ್ಪಿಸಿಕೊಳ್ಳಲು ಹೆಸರಿನ ಅಕ್ಷರ ಬದಲಿಸಿ, ‘ಮಿಶ್ರ ವರ್ಣ’ದವನು ಅಂತ ಸರ್ಕಾರದಿಂದಲೇ ಬರೆಸಿಕೊಂಡರು. ಬಾಡಿಗೆ ಮನೆಗಾಗಿ ಊರ ಹೆಸರು, ಅಪ್ಪನ ಹೆಸರು ಮರೆಮಾಚೋ ನಮ್ಮ ಹುಡುಗರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಆ ಪಾಸು ಇಟ್ಟುಕೊಂಡು ಗಣಿ, ಆಸ್ಪತ್ರೆ, ಶಾಲೆ, ಜೈಲು, ಕಿಕ್ಕಿರಿದ ರೈಲು ಎಲ್ಲ ತಿರುಗಿದರು. ಗಣಿಯ ವೈದ್ಯಕೀಯ ಪರೀಕ್ಷೆಯಲ್ಲಿ ಬಟ್ಟೆ ಬಿಚ್ಚಿಸಿ ಗೋಡೆಗೆ ಮುಖ ಮಾಡಿ ಕೈ ಎತ್ತಿಸಿ ನಿಲ್ಲಿಸಿದ ಕೂಲಿಗಳ ಸಾಲು ಇದೆಯಲ್ಲ, ಆ ಫೋಟೊ ಕೋಲ್ ಅವರದು. 1966ರಲ್ಲಿ ದೇಶ ಬಿಟ್ಟರು. 1967ರಲ್ಲಿ ‘ಹೌಸ್ ಆಫ್ ಬಾಂಡೇಜ್’ ಪುಸ್ತಕ ಅಮೆರಿಕದಲ್ಲಿ ಬಂತು. ದಕ್ಷಿಣ ಆಫ್ರಿಕಾದಲ್ಲಿ ತಕ್ಷಣ ನಿಷೇಧ. ಯಾರ ಬದುಕಿನ ಫೋಟೊ ಅದರಲ್ಲಿತ್ತೋ ಆ ಜನರೇ ಅದನ್ನ ನೋಡುವಂತಿರಲಿಲ್ಲ. ಕೋಲ್ ಮತ್ತೆ ತಾಯ್ನಾಡು ಕಾಣಲಿಲ್ಲ. ನೆಲೆಯಿಲ್ಲದೆ ಅಲೆದು, 1990ರ ಫೆಬ್ರುವರಿಯಲ್ಲಿ, ಮಂಡೇಲಾ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. 2017ರಲ್ಲಿ ಸ್ವೀಡನ್ನಿನ ಒಂದು ಬ್ಯಾಂಕಿನ ಲಾಕರಿನಲ್ಲಿ ಅವರ ಸುಮಾರು 60,000 ನೆಗೆಟಿವ್‌ಗಳು ಸಿಕ್ಕವು. ಮನುಷ್ಯನಿಗೆ ಸೂರು ಸಿಗಲಿಲ್ಲ, ಅವನ ನೆಗೆಟಿವ್‌ಗೆ ಬ್ಯಾಂಕ್ ಲಾಕರು!

1976ರ ಜೂನ್ 16. ಸೊವೆಟೊ ಮಕ್ಕಳು ಬೀದಿಗಿಳಿದರು. ಗುಂಡೇಟು ತಿಂದ 12 ವರ್ಷದ ಹೆಕ್ಟರ್ ಪೀಟರ್ಸನ್‌ನನ್ನು ಎತ್ತಿಕೊಂಡು ಓಡುವ ಹುಡುಗ, ಪಕ್ಕದಲ್ಲಿ ಚೀರುತ್ತಾ ಓಡುವ ಅಕ್ಕ. ಆ ಫೋಟೊ ತೆಗೆದದ್ದು ಸ್ಯಾಮ್ ನ್ಜಿಮಾ. ಇಡೀ ಜಗತ್ತು ಆ ಫೋಟೊ ನೋಡಿತು. ನ್ಜಿಮಾ ಮಾತ್ರ ಪೊಲೀಸರ ಕಾಟಕ್ಕೆ ಕೆಲಸ ಬಿಟ್ಟು ಹಳ್ಳಿ ಸೇರಿದರು. ಆ ಫೋಟೊದ ಹಕ್ಕು ಅವರ ಕೈಗೆ ಬಂದಿದ್ದು 1998ರಲ್ಲಿ. 22 ವರ್ಷ! ಕ್ಯಾಮೆರಾ ಹಿಡಿಯೋಕೆ ಕಲಿತರೆ ಸಾಕಾಗಲ್ಲ, ತೆಗೆದ ಫೋಟೊ ಯಾರ ಸೊತ್ತು ಅನ್ನೋದೂ ಜಗಳವೇ.

ಅದೇ 1976ರ ಜೂನ್ ತಿಂಗಳಲ್ಲಿ, ಸೊವೆಟೊ ಇನ್ನೂ ಉರಿಯುತ್ತಿರುವಾಗ, ನ್ಯೂಟೌನ್‌ನ ಹಳೇ ಹಣ್ಣಿನ ಮಾರುಕಟ್ಟೆ ಕಟ್ಟಡದಲ್ಲಿ ‘ಮಾರ್ಕೆಟ್ ಥಿಯೇಟರ್’ ಬಾಗಿಲು ತೆರೀತು. ಕಪ್ಪು ಬಿಳಿ ಜನ ಒಟ್ಟಿಗೆ ಕೂತು ನಾಟಕ ನೋಡೋ ಜಾಗ. ನಮ್ಮ ಫೋಟೊ ಶಾಲೆಗೆ ‘ಮಾರ್ಕೆಟ್’ ಹೆಸರು ಬಂದಿದ್ದು ಇದರಿಂದಲೇ. 1982ರಲ್ಲಿ ‘ಆಫ್ರಾಪಿಕ್ಸ್’ ಅಂತ ಛಾಯಾಗ್ರಾಹಕರ ಸಂಘ ಕಟ್ಟಿದರು. ಕಟ್ಟಿದವರಲ್ಲಿ ಡರ್ಬನ್ನಿನ ಭಾರತೀಯ ಮೂಲದ ಒಮರ್ ಬಾದ್ಷಾ ಪ್ರಮುಖರು. ಫೋಟೊ ಅವರಿಗೆ ಹೋರಾಟದ ಒಂದು ಕೆಲಸ, ಕರಪತ್ರ ಹಂಚೋ ಹಂಗೆ, ಗೋಡೆ ಬರೆಯೋ ಹಂಗೆ.

ಇಷ್ಟೆಲ್ಲ ಆದಮೇಲೆ 1989. ಇನ್ನೂ ತುರ್ತು ಪರಿಸ್ಥಿತಿ. ಮಂಡೇಲಾ ಇನ್ನೂ ಒಳಗೆ. ಆಗ ಡೇವಿಡ್ ಗೋಲ್ಡ್‌ಬ್ಲಾಟ್ ಎಂಬ ಹೆಸರಾಂತ ಛಾಯಾಗ್ರಾಹಕರು ಮಾರ್ಕೆಟ್ ಫೋಟೊ ವರ್ಕ್‌ಶಾಪ್ ಶುರು ಮಾಡಿದರು. ಅವರು ಬಿಳಿಯರು, ಯಹೂದಿ ಕುಟುಂಬದವರು, ಗಣಿ ಊರಲ್ಲಿ ಬೆಳೆದವರು. ಕಪ್ಪು ಮಕ್ಕಳಿಗೆ ಫೋಟೊ ಕಲಿಯೋಕೆ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಇಲ್ಲಿ ಬಣ್ಣ ಕೇಳದೆ ಸೇರಿಸಿಕೊಂಡರು. ಕ್ಯಾಮೆರಾ ಮುಟ್ಟದವರಿಗೆ ಮೊದಲ ಪಾಠದಿಂದ ಹಿಡಿದು, ಪತ್ರಿಕಾ ಛಾಯಾಗ್ರಹಣದವರೆಗೆ ಹಂತ ಹಂತದ ಕೋರ್ಸು. ಮುಗಿಸಿದವರ ಕೈ ಬಿಡದೆ ಹಿರಿಯರ ಜೊತೆ ಜೋಡಿಸಿ ಒಂದು ಕೆಲಸ ಪೂರ್ತಿ ಮಾಡಿಸೋದು, ಆಮೇಲೆ ಅದನ್ನ ಗೋಡೆಗೆ ಹಾಕಿ ಊರ ಜನರನ್ನ ಕರೆಯೋದು. ಈಗ ಅದು ಮಾರ್ಕೆಟ್ ಥಿಯೇಟರ್ ಫೌಂಡೇಶನ್ನಿನ ಒಂದು ಅಂಗ.

ಇಲ್ಲಿ ನಮ್ಮವರು ಒಂದು ಪ್ರಶ್ನೆ ಕೇಳೇ ಕೇಳ್ತೀರ. “ಬಿಳಿಯನೇ ಬಂದು ಉದ್ಧಾರ ಮಾಡಬೇಕಿತ್ತಾ?” ನ್ಯಾಯವಾದ ಪ್ರಶ್ನೆ. ಗೋಲ್ಡ್‌ಬ್ಲಾಟ್ ತಾವೂ ಕಪ್ಪು ಜನರ ಫೋಟೊ ತೆಗೆದಿದ್ದಾರೆ. ಬೆಳಗಿನ ಜಾವ ಎರಡೂವರೆ, ಮೂರು ಗಂಟೆಗೆ ಬಸ್ಸು ಹತ್ತಿ ಬಿಳಿಯರ ನಗರಕ್ಕೆ ಕೂಲಿಗೆ ಹೋಗೋ ಕ್ವಾನ್‌ಡೆಬೆಲೆ ಜನರ ಬಗ್ಗೆ ಅವರ ಪುಸ್ತಕ ಬಂದದ್ದೂ ಅದೇ 1989ರಲ್ಲೇ. ಆದರೆ ಎಷ್ಟೋ ಸವರ್ಣ ‘ಸಹಾನುಭೂತಿ’ಯ ಛಾಯಾಗ್ರಾಹಕರು ಮಾಡದ ಒಂದು ಕೆಲಸ ಅವರು ಮಾಡಿದರು. ನಿಮ್ಮ ಕತೆ ನಾನೇ ಹೇಳ್ತಾ ಇರ್ತೀನಿ ಅನ್ನದೆ, ಹೇಳೋರು ತಯಾರಾಗೋ ಜಾಗ ಕಟ್ಟಿದರು.

ಹಾಗಂತ ಅವರನ್ನ ದೇವರು ಮಾಡಬೇಕಿಲ್ಲ. 2016ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಹಾಸ್ಟೆಲ್ ಸಿಗದ ಸಿಟ್ಟಿಗೆ ಪ್ರತಿಭಟನೆ ಮಾಡಿದಾಗ ಗೋಡೆಯ ಕಲಾಕೃತಿಗಳನ್ನ ಕಿತ್ತು ಸುಟ್ಟರು. ವಿಶ್ವವಿದ್ಯಾಲಯ ಇನ್ನಷ್ಟು ಕೃತಿಗಳನ್ನ ಇಳಿಸಿತು, ಮುಚ್ಚಿತು. ಇದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ಗೋಲ್ಡ್‌ಬ್ಲಾಟ್ 2017ರಲ್ಲಿ ತಮ್ಮ ಸಂಗ್ರಹವನ್ನ ಅಲ್ಲಿಂದ ತೆಗೆದು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಮರುವರ್ಷ ತೀರಿಕೊಂಡರು. ಚಿತ್ರ ಸುಡೋದನ್ನ ನಾನು ಒಪ್ಪಲ್ಲ. ಆದರೆ ದಕ್ಷಿಣ ಆಫ್ರಿಕಾದ ಕೂಲಿಗಳ, ಗಣಿಗಳ, ಬಸ್ಸುಗಳ ಅರ್ಧ ಶತಮಾನದ ನೆನಪು ಸಮುದ್ರ ದಾಟಿ ಹೋಯ್ತಲ್ಲ, ಅದು ಸರಿಯೇ? ಆ ಕೂಲಿಯ ಮೊಮ್ಮಗಳು ತನ್ನಜ್ಜನ ಫೋಟೊ ನೋಡೋಕೆ ವೀಸಾ ತಗೋಬೇಕೇ? ಫೋಟೊದಲ್ಲಿ ಇದ್ದವರನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಆ ಶಾಲೆಯ ನಿಜವಾದ ಲೆಕ್ಕ ಅಲ್ಲಿಂದ ಹೊರಬಂದವರ ಕೆಲಸದಲ್ಲಿದೆ. ಮೂರು ಜನರ ಬಗ್ಗೆ ಹೇಳ್ತೀನಿ.

ಸಬೆಲೊ ಮ್ಲಾಂಗೆನಿ. ಹಳ್ಳಿಯಿಂದ ಜೊಹಾನ್ಸ್‌ಬರ್ಗಿಗೆ ಬಂದು 2004ರಲ್ಲಿ ಇಲ್ಲಿ ಕಲಿತು ಮುಗಿಸಿದರು. 2006ರ ಅವರ ಫೋಟೊ ಸರಣಿಯ ಹೆಸರು ‘ಇನ್ವಿಸಿಬಲ್ ವಿಮೆನ್’, ಅಂದ್ರೆ ಕಣ್ಣಿಗೆ ಕಾಣದ ಹೆಂಗಸರು. ರಾತ್ರಿ ಹೊತ್ತು ಜೊಹಾನ್ಸ್‌ಬರ್ಗ್ ಬೀದಿ ಗುಡಿಸೋ ಹೆಂಗಸರ ಜೊತೆ ತಿಂಗಳುಗಟ್ಟಲೆ ತಿರುಗಿ ತೆಗೆದ ಕಪ್ಪುಬಿಳುಪು ಫೋಟೊಗಳು. ಇದನ್ನ ನಮ್ಮ ಪೇಪರುಗಳಲ್ಲಿ ಬರೋ ಪೌರಕಾರ್ಮಿಕರ ಫೋಟೊ ಪಕ್ಕ ಇಟ್ಟು ನೋಡಿ. ರಾಜಕಾರಣಿ ಬಗ್ಗಿ ಪಾದ ತೊಳೀತಾನೆ, ಹೂ ಸುರೀತಾನೆ. ಫೋಟೊದ ನಡುವೆ ಯಾರಿದ್ದಾರೆ? ಯಾರ ಮುಖಕ್ಕೆ ಬೆಳಕು ಬಿದ್ದಿದೆ? 2022ರ ಜುಲೈನಲ್ಲಿ ಅದೇ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಪಾದಪೂಜೆಗೆ ಸಿಕ್ಕಷ್ಟು ಕ್ಯಾಮೆರಾ ಆ ಕೂಗಿಗೆ ಸಿಕ್ಕಿತಾ? ನಿಮ್ಮ ಎದೆ ಮುಟ್ಟಿ ಹೇಳಿ.

ಜನೆಲೆ ಮುಹೋಲಿ. ಡರ್ಬನ್ ಹತ್ತಿರದ ಉಮ್ಲಾಜಿಯಲ್ಲಿ 1972ರಲ್ಲಿ ಹುಟ್ಟಿದವರು. ತಾಯಿ ಬೆಸ್ಟರ್ ಒಂದೇ ಬಿಳಿಯರ ಮನೆಯಲ್ಲಿ 40 ವರ್ಷಕ್ಕೂ ಹೆಚ್ಚು ಮನೆಗೆಲಸ ಮಾಡಿದವರು. 2003ರಲ್ಲಿ ಇಲ್ಲಿ ಕಲಿತ ಮುಹೋಲಿ 2006ರಿಂದ ಕಪ್ಪು ಲೆಸ್ಬಿಯನ್, ಟ್ರಾನ್ಸ್ ಜನರ ಫೋಟೊ ತೆಗೀತಾ ಬಂದಿದ್ದಾರೆ. ಪ್ರತಿ ಫೋಟೊಗೆ ಅವರ ಹೆಸರು, ಊರು, ವರ್ಷ ಇರುತ್ತೆ. ಜಾತಿ ಸಂಪುಟಗಳಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ? ಗೋಡೆ ಮೇಲೆ ಸಾಲಾಗಿ ನೇತುಹಾಕುವಾಗ ನಡುನಡುವೆ ಖಾಲಿ ಜಾಗ ಬಿಡ್ತಾರೆ. ಈಗ ನಮ್ಮ ಜೊತೆ ಇಲ್ಲದವರಿಗೆ ಅದು.

2009ರಲ್ಲಿ, ಹಳೇ ಜೈಲಿದ್ದ ಕಾನ್‌ಸ್ಟಿಟ್ಯೂಷನ್ ಹಿಲ್‌ನಲ್ಲಿ ನಡೆದ ಪ್ರದರ್ಶನಕ್ಕೆ ಸಂಸ್ಕೃತಿ ಸಚಿವೆ ಲುಲಾಮಾ ಸಿಂಗ್ವಾನಾ ಅತಿಥಿ. ಮುಹೋಲಿ ತೆಗೆದ, ಹೆಣ್ಣುಗಳು ಅಪ್ಪಿಕೊಂಡಿರುವ ಫೋಟೊ ನೋಡಿ ಇದು ಅನೈತಿಕ ಅಂತ ಎದ್ದು ಹೋದರು. ಆಕೆ ಬಿಳಿಯಳಲ್ಲ. ಸ್ವಾತಂತ್ರ್ಯ ಹೋರಾಟದ ಪಕ್ಷದ ಕಪ್ಪು ಮಂತ್ರಿ. ಇದನ್ನ ನಮ್ಮ ಸಂಘಟನೆಗಳ ಗಂಡಸರು ಎರಡು ಸಲ ಓದಬೇಕು. ವೇದಿಕೆ ಮೇಲಿನ ಗ್ರೂಪ್ ಫೋಟೊಗಳಲ್ಲಿ ನಮ್ಮ ಹೆಣ್ಣುಮಕ್ಕಳು ಎಲ್ಲಿ ನಿಂತಿರ್ತಾರೆ, ಹೂಗುಚ್ಛ ಹಿಡ್ಕೊಂಡೋ, ಮೈಕಿನ ಮುಂದೋ? ನಮ್ಮ ಕೇರಿಯ ಮಂಗಳಮುಖಿಯರು ಯಾವ ಫೋಟೊದಲ್ಲಿದ್ದಾರೆ? ತುಳಿತಕ್ಕೆ ಸಿಕ್ಕವರು ತಾವು ಯಾರನ್ನೂ ತುಳಿಯಲ್ಲ ಅಂತೇನೂ ಇಲ್ಲ.

ಲೆಬೊಹಾಂಗ್ ಕ್ಗಾನ್ಯೆ. 1990ರಲ್ಲಿ ಹುಟ್ಟಿದವರು, ಅಂದ್ರೆ ಮಂಡೇಲಾ ಹೊರಬಂದ ವರ್ಷ. ತಾಯಿ ತೀರಿಹೋದ ಮೇಲೆ ಮನೆಯ ಹಳೇ ಆಲ್ಬಂ ತೆಗೆದರು. ತಾಯಿಯ ಬಟ್ಟೆಗಳು ಇನ್ನೂ ಮನೆಯಲ್ಲಿದ್ದವು. ಅವನ್ನೇ ಉಟ್ಟು, ತಾಯಿ ನಿಂತ ಜಾಗಕ್ಕೇ ಹೋಗಿ ಅದೇ ಭಂಗಿಯಲ್ಲಿ ನಿಂತು ಫೋಟೊ ತೆಗೆಸಿ, ಹಳೇ ಫೋಟೊ ಮೇಲೆ ಹೊಸದನ್ನ ಕೂಡಿಸಿದರು. 2013ರ ಆ ಸರಣಿಯಲ್ಲಿ ಅಮ್ಮನೂ ಮಗಳೂ ಒಂದೇ ಚೌಕಟ್ಟಿನಲ್ಲಿದ್ದಾರೆ, ಒಬ್ಬರು ಇನ್ನೊಬ್ಬರ ನೆರಳಿನ ಹಂಗೆ. ದುಬಾರಿ ಲೆನ್ಸಿನ ಮಾತಲ್ಲ ಇದು. ಮನೆಯ ಟ್ರಂಕಿನಿಂದ ಹೊರಟ ಕಲೆ. 2024ರಲ್ಲಿ ಇವರಿಗೆ ಡಾಯ್ಚ ಬೋರ್ಸ ಅನ್ನೋ ದೊಡ್ಡ ಅಂತಾರಾಷ್ಟ್ರೀಯ ಫೋಟೊ ಪ್ರಶಸ್ತಿ ಬಂತು.

ನಮ್ಮಲ್ಲೂ ಇದು ಶುರುವಾಗಿದೆ. ಮೀನು ಮಾರುವ ತಾಯಿಯ ಮಗ, ಮದುರೈನ ಪಳನಿ ಕುಮಾರ್ ಮಲದ ಗುಂಡಿಯಲ್ಲಿ ಸಾಯುವವರ ಫೋಟೊ ತೆಗೀತಾ, ಅವರ ಮಕ್ಕಳ ಬದುಕನ್ನೂ ಪ್ರದರ್ಶನ ಮಾಡಿ, ಕೇರಿ ಮಕ್ಕಳಿಗೆ ಫೋಟೊ ಪಾಠ ಹೇಳಿಕೊಡ್ತಾ ಇದ್ದಾರೆ. ವಾಡಿಪಟ್ಟಿಯ ಜೈಸಿಂಗ್ ನಾಗೇಶ್ವರನ್, ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಅಜ್ಜಿ ಪೊನ್ನುತಾಯಿಯ ಮನೆತನದ ಫೋಟೊ ತೆಗೆದಿದ್ದಾರೆ. ಅಲ್ಲಿ ಅಳೋ ದಲಿತರಷ್ಟೇ ಇಲ್ಲ. ಮಲಗಿದವರು, ನಗೋರು, ಮಗು ಎತ್ತಿಕೊಂಡವರು ಇದ್ದಾರೆ.

ಹೌದು, ನಗೋರು. ಇದೇ ನಾನು ಹೇಳಬೇಕಿರೋದು. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ನಮ್ಮ 7 ಜನರನ್ನ ಸುಟ್ಟರು. ಸುಟ್ಟ ಮನೆಯ ಫೋಟೊ ನಾಡಿಗೆಲ್ಲ ಗೊತ್ತು. ಆ 7 ಜನ ಹಬ್ಬದ ದಿನ ಹೆಂಗೆ ಕಾಣ್ತಿದ್ರು, ಯಾರ ಹೆಗಲ ಮೇಲೆ ಕೈ ಹಾಕಿ ನಿಲ್ತಿದ್ರು ಅಂತ ನಾಡಿಗೆ ಗೊತ್ತಾ? ಹೆಣವಾದಾಗ ಮಾತ್ರ ನಮ್ಮ ಫೋಟೊ ಬೇಕು ಅನ್ನೋ ಕಣ್ಣಿಗೆ, ಬದುಕಿರೋ ನಮ್ಮ ಮುಖ ತೋರಿಸೋ ಗೋಡೆ ಬೇಕು. ಸಾಕ್ಷಿಗಾಗಿ ಸುಟ್ಟ ಮನೆಯ ಫೋಟೊವೂ ಇರಲಿ. ಅದೊಂದೇ ನಮ್ಮ ಚರಿತ್ರೆ ಆಗೋದು ಬೇಡ.

ಒಂದು ಫೋಟೊ ಎಲ್ಲಿ ನಿಲ್ಲುತ್ತೆ ಅನ್ನೋದು ಸಣ್ಣ ವಿಷಯ ಅಂದುಕೋಬೇಡಿ. 2022ರ ಗಣರಾಜ್ಯೋತ್ಸವದ ದಿನ ರಾಯಚೂರು ನ್ಯಾಯಾಲಯದಲ್ಲಿ ಬಾಬಾಸಾಹೇಬರ ಫೋಟೊ ತೆಗೆಸಿದರು ಅನ್ನೋ ಆರೋಪ ಬಂದಾಗ ಬೆಂಗಳೂರಿನ ರಸ್ತೆ ನೀಲಿಯಾಯ್ತಲ್ಲ, ಯಾಕೆ? ಗೋಡೆ ಯಾರದು ಅನ್ನೋ ಪ್ರಶ್ನೆ ಅದು. ನಮ್ಮ ಜನಕ್ಕೆ ಅದು ಯಾರೂ ಪಾಠ ಮಾಡದೆ ಅರ್ಥ ಆಯ್ತು.

ಹಂಗಾಗಿ ಒಂದು ಕೆಲಸ ಹೇಳ್ತೀನಿ, ದುಡ್ಡು ಬೇಕಾಗಿಲ್ಲ. ಈ ಭಾನುವಾರ ಮನೆಯ ಟ್ರಂಕು, ಬೀರು, ದೇವರ ಗೂಡು, ಬುದ್ಧನ ಗೂಡು ಎಲ್ಲ ಹುಡುಕಿ. ಮದುವೆ ಫೋಟೊ, ಜಾತ್ರೆಯಲ್ಲಿ ಪರದೆ ಮುಂದೆ ತೆಗೆಸಿದ ಫೋಟೊ, ಎಪ್ಪತ್ತು ಎಂಬತ್ತರ ದಶಕದ ದಸಂಸ ಜಾಥಾಗಳಲ್ಲಿ ತಮಟೆ ಹಿಡಿದು ನಿಂತ ಅಪ್ಪ, ದೊಡ್ಡಪ್ಪ, ಅತ್ತೆಯರ ಫೋಟೊ. ಮನೆಯ ಹಿರಿಯರನ್ನ ಕೂರಿಸಿಕೊಂಡು ಯಾರು ಯಾರು ಅಂತ ಕೇಳಿ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಮೆಲ್ಲಗೆ ಹೆಸರು, ಊರು, ವರ್ಷ ಬರೀರಿ. ಬಾಲ್‌ಪೆನ್ ಬೇಡ, ಮುಂದಕ್ಕೆ ಒತ್ತಿಬಿಡುತ್ತೆ. ಮೊಬೈಲಿನಲ್ಲಿ ನೆರಳು ಬೀಳದ ಹಂಗೆ ತೆಗೆದು ಎರಡು ಕಡೆ ಉಳಿಸಿ. ಮೂಲ ಫೋಟೊ ಯಾರಿಗೂ ಕೊಡಬೇಡಿ, ಎಷ್ಟೇ ದೊಡ್ಡ ಸಂಸ್ಥೆ ಕೇಳಿದರೂ ಪ್ರತಿ ಮಾತ್ರ ಕೊಡಿ. ನ್ಜಿಮಾ ಕತೆ ನೆನಪಿರಲಿ, ಕೋಲ್ ಕತೆ ನೆನಪಿರಲಿ.

ಬರೋ ಏಪ್ರಿಲ್ 14ಕ್ಕೆ ಪ್ರತಿ ಕೇರಿಯ ಅಂಬೇಡ್ಕರ್ ಭವನದ ಗೋಡೆ ಮೇಲೆ ಆ ಊರಿನ ಫೋಟೊಗಳು ನೇತಾಡಲಿ. ಲೀಡರುಗಳ ಫ್ಲೆಕ್ಸ್ ಒಂದು ಕಡಿಮೆ ಆದರೂ ಪರವಾಗಿಲ್ಲ. ಭವನಕ್ಕೆ ಬಂದ ಮಗು ಗೋಡೆ ನೋಡಿ “ಇದು ನಮ್ಮಜ್ಜಿ” ಅಂತ ಬೆರಳು ತೋರಿಸಲಿ. ಕೆಳಗೆ ಆ ಅಜ್ಜಿಯ ಹೆಸರು ಇರಲಿ.

ನಿಮ್ಮ ಊರಿನ ಹಳೇ ಫೋಟೊ ಇದ್ದರೆ, ಅದರಲ್ಲಿ ಇರೋರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ, ಒಪ್ಪಿದರೆ ಕೆಳಗೆ ಹಾಕಿ. ಹೆಸರು ಬರೆಯೋದು ಮರೀಬೇಡಿ.

ಜೈ ಭೀಮ್.